ಚಿನ್ನ ತೆಗೀತಾರೆ

ನಮ್ಮಮ್ಮನ ಹನ್ನೊಂದನೇ ದಿನದ ಊಟಕ್ಕೆ ಎಲೆ ಹಾಕಿದ್ದರು. ಇನ್ನೂ ಅನ್ನ ಬಡಿಸಿರಲಿಲ್ಲ, ಮಧುರೆ ಅತ್ತೆ ಆ ಮಾತನ್ನು ಮತ್ತೆ ಆಡಿದಳು. ಮಧುರೆ ಅತ್ತೆ ಅಂದರೆ ಅಪ್ಪನ ತಂಗಿ. ಮಧುರೆಗೆ ಕೊಟ್ಟು ಅರ್ಧ ಶತಮಾನವಾದರೂ ತವರುಮನೆಯ ಜಗಳಗಳಲ್ಲಿ ಒಂದನ್ನೂ ಮರೆತವಳಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ, ನನಗೂ ಕೇಳಿಸಲಿ ಅನ್ನುವಷ್ಟು ಗಟ್ಟಿಯಾಗಿ, ಮೊದಲು ಅಮ್ಮನನ್ನು ಹೊಗಳಿದಳು. ಕೆಲಸದಲ್ಲಿ ಚುರುಕು, ಒಬ್ಬರಿಗೂ ಎದುರು ಮಾತಾಡಿದವಳಲ್ಲ, ಇನ್ನೊಬ್ಬರ ಮನೆ ಬಾಗಿಲಿಗೆ ಹೋದವಳಲ್ಲ. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದಳು:

"ಒಳ್ಳೇವ್ಳೇ ಪಾಪ. ಅವ್ರಪ್ಪ ಮಾತ್ರ ಚಿನ್ನ ತೆಗೀತೀನಿ ಅಂದು ಕೊನೇಗೂ ತೆಗೀಲಿಲ್ಲ."

ಅಮ್ಮನ ಫೋಟೋಗೆ ಹಾಕಿದ್ದ ಹೂವು ಇನ್ನೂ ಬಾಡಿರಲಿಲ್ಲ. ಅಪ್ಪ ಎದುರಿನ ಸಾಲಿನಲ್ಲಿ ಕೂತು ಎಲೆಗೆ ನೀರು ಚಿಮುಕಿಸಿ ಒರೆಸುತ್ತಿದ್ದ. ವಯಸ್ಸು ಎಂಬತ್ತು ದಾಟಿದ್ದರೂ ಅವನ ಕಿವಿ ಚೆನ್ನಾಗಿದೆ. ಮಾತು ಕೇಳಿಸಿತು, ಒಮ್ಮೆ ಕೈ ನಿಂತಿತು, ಮತ್ತೆ ಎಲೆ ಒರೆಸತೊಡಗಿದ. ಅವತ್ತೇ ನಾನು ತೀರ್ಮಾನ ಮಾಡಿದೆ. ಅಮ್ಮ ಹುಟ್ಟಿದ ಊರಿಗೆ ಒಂದು ಸಲ ಹೋಗಬೇಕು. ನನ್ನ ತಾತ ನಿಜಕ್ಕೂ ಸುಳ್ಳು ಹೇಳಿ ಮಗಳನ್ನು ಸಾಗಹಾಕಿದವನೋ ಅಲ್ಲವೋ, ಅಲ್ಲಿ ಯಾರಾದರೂ ಹಳಬರಿದ್ದರೆ ಕೇಳಬೇಕು. ಅಮ್ಮನನ್ನು ಕೇಳಿದಾಗಲೆಲ್ಲ ಅವಳು ಪೊರಕೆಯನ್ನೋ ಮೊರವನ್ನೋ ಕೈಗೆ ತೆಗೆದುಕೊಂಡು ಎದ್ದುಹೋಗುತ್ತಿದ್ದಳು. ಇನ್ನು ಅವಳನ್ನು ಕೇಳುವ ಹಾಗೂ ಇರಲಿಲ್ಲ.

ಆ ಒಂದು ಮಾತನ್ನು ಬಿಟ್ಟು ನಮ್ಮ ಮನೆಯ ಕಥೆ ಹೇಳಲು ಬರುವುದಿಲ್ಲ. ನಮ್ಮದು ಬೂದಿಗೆರೆ ಹತ್ತಿರದ ಹಳ್ಳಿ. ರಾಗಿ ಹೊಲ, ಬಾವಿಯ ಕೆಳಗೆ ಒಂದಿಷ್ಟು ತರಕಾರಿ, ಜಗಲಿ ಇದ್ದ ಹೆಂಚಿನ ಮನೆ. ಅಮ್ಮನದು ಕೋಲಾರದ ಚಿನ್ನದ ಗಣಿ, ಈಗ ಎಲ್ಲರೂ ಕೆಜಿಎಫ್ ಅನ್ನುವ ಊರು. ಸಂಬಂಧದ ಮಾತು ತಂದವನು ಮುನಿಯಪ್ಪ ಅಂತ, ಎರಡೂ ಕಡೆಗೆ ದೂರದ ನೆಂಟ. ಹುಡುಗಿಯ ಅಪ್ಪ ಹೇಗೆ ಅಂತ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಅವನನ್ನು ಕೇಳಿದಳಂತೆ. ಮುನಿಯಪ್ಪ "ಚಿನ್ನ ತೆಗೀತಾರೆ" ಅಂದನಂತೆ. ನೆಲದಿಂದ ತೆಗೆಯುತ್ತಾರೆ, ಅದೇ ಅವರ ಕೆಲಸ ಅಂತ ಅವನು ಹೇಳಿದ್ದು. ಆದರೆ ನಮ್ಮ ಕಡೆ ತೆಗೆಯೋದು ಅಂದರೆ ಕೊಳ್ಳೋದು ಕೂಡ. ಹಬ್ಬಕ್ಕೆ ಬಟ್ಟೆ ತೆಗೀತೀವಿ, ಮದುವೆಗೆ ಒಡವೆ ತೆಗೀತೀವಿ. ಮಗನ ಮದುವೆಯ ಗುಂಗಿನಲ್ಲಿದ್ದ ಅಜ್ಜಿಯ ಕಿವಿಗೆ ಬಿದ್ದದ್ದು ಹುಡುಗಿಗೆ ಚಿನ್ನ ಹಾಕಿ ಕಳಿಸುತ್ತಾರೆ ಎಂಬ ಭರವಸೆ. ಹೆಣ್ಣು ನೋಡುವ ಶಾಸ್ತ್ರವೂ ಗಣಿಯ ಊರಿನಲ್ಲಿ ಆಗಲಿಲ್ಲ, ಮಾಲೂರು ಕಡೆಯ ಹಳ್ಳಿಯಲ್ಲಿ, ತಾತನ ಅಣ್ಣನ ಮನೆಯಲ್ಲಿ ಆಯಿತು. ಮದುವೆ ನಮ್ಮ ಮನೆ ಮುಂದಿನ ಚಪ್ಪರದಲ್ಲಿ. ಅಮ್ಮ ಕಿವಿಗೆ ಒಂದು ಜೊತೆ ಓಲೆ, ಕೊರಳಿಗೆ ನಮ್ಮವರೇ ಕಟ್ಟಿದ ತಾಳಿ, ಇಷ್ಟರಲ್ಲೇ ಒಳಗೆ ಬಂದಳು. ಮುನಿಯಪ್ಪ ಆ ವರ್ಷವೇ ತೀರಿಕೊಂಡ. ಬೀಗರು ಗಣಿಯೊಳಗೆ ಬಂಡೆ ಒಡೆಯುವ ಕೆಲಸದವರು ಅಂತ ಗೊತ್ತಾದ ಮೇಲೂ ಅಜ್ಜಿಯ ವಾದ ಬದಲಾಗಲಿಲ್ಲ. ಕೆಲಸ ಏನಾದರೂ ಇರಲಿ, ತೆಗೀತೀನಿ ಅಂದಮೇಲೆ ತೆಗೀಬೇಕು ಅನ್ನುವಳು.

ಅಂದಿನಿಂದ ಅಮ್ಮನಿಗೆ ಆ ಮನೆಯಲ್ಲಿ ಹೆಸರಿರಲಿಲ್ಲ. ಅವಳ ಹೆಸರು ಕಾಂತಮ್ಮ ಅಂತ ನನಗೆ ತಿಳಿದದ್ದು ಶಾಲೆಗೆ ಸೇರಿಸುವಾಗ. ಅಜ್ಜಿಗೆ ಅವಳು ಚಿನ್ನದೂರಿನೋಳು. ಚಿನ್ನದೂರಿನೋಳು ದನಕ್ಕೆ ನೀರು ಕುಡಿಸಿದಳಾ, ಚಿನ್ನದೂರಿನೋಳು ಇವತ್ತು ಸಾರಿಗೆ ಉಪ್ಪು ಮರೆತಿದ್ದಾಳೆ. ಕೂಲಿಯವರು ಕೂಡ ಹಾಗೇ ಕರೆಯುವುದನ್ನು ಕಲಿತರು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ನನ್ನ ಹೊತ್ತಾಗ ಅಮ್ಮನನ್ನು ಕಳಿಸಲಿಲ್ಲ. ಚಿನ್ನ ತೆಗೆಯೋರ ಮನೇಲಿ ಮಗೀಗೆ ಒಂದು ಉಡಿದಾರಕ್ಕೂ ಗತಿ ಇರಲ್ಲ ಅಂತ ಅಜ್ಜಿ ತಾನೇ ಸೂಲಗಿತ್ತಿಯನ್ನು ಕರೆಸಿದಳಂತೆ. ಹಾಗಾಗಿ ನಾನು ಹುಟ್ಟಿದ್ದು ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ, ರಾಗಿ ತುಂಬಿದ ವಾಡೆಗಳ ಮಧ್ಯೆ. ಆ ಕೋಣೆಯ ಒಣ ಧಾನ್ಯದ ವಾಸನೆ ಇವತ್ತಿಗೂ ಎಲ್ಲಾದರೂ ಮೂಗಿಗೆ ಬಿದ್ದರೆ ನನಗೆ ಉಸಿರು ಕಟ್ಟುತ್ತದೆ.

ಅಮ್ಮನಿಗೆ ಒಂದು ಅಭ್ಯಾಸವಿತ್ತು. ಮನೆಯಲ್ಲಿ ಬಾಯಿ ತೆರೆದ ಪಾತ್ರೆ ಒಂದೂ ಇರುವ ಹಾಗಿಲ್ಲ. ನೀರಿನ ಕೊಡಕ್ಕೆ ಬಟ್ಟೆ, ಸಾರಿನ ಪಾತ್ರೆಗೆ ತಟ್ಟೆ, ಹಾಲಿಗೆ ತಟ್ಟೆ, ಯಾರಾದರೂ ಬಂದರೆ ಕೊಡುವ ಲೋಟದ ನೀರಿಗೂ ಒಂದು ಪುಟ್ಟ ಮುಚ್ಚಳ. ಅಪ್ಪ ಹೊಲದಿಂದ ಬಂದು ಕೈ ಚಾಚಿದರೆ ಮುಚ್ಚಿದ ಲೋಟವೇ ಸಿಗುತ್ತಿತ್ತು. ನಮ್ಮ ಹಳ್ಳಿಯಲ್ಲಿ ಯಾರೂ ಹಾಗೆ ಮಾಡುತ್ತಿರಲಿಲ್ಲ. ಅಜ್ಜಿಗೆ ಇದು ಅವಮಾನವಾಗಿ ಕಂಡಿತು. ನಮ್ಮನೆ ನೀರಿಗೆ ಯಾರಾದ್ರೂ ವಿಷ ಹಾಕ್ತಾರಾ, ನಮ್ಮನ್ನ ಏನಂದ್ಕೊಂಡಿದ್ದಾಳೆ ಅಂತ ಶುರು ಮಾಡಿದರೆ ನಾಲ್ಕು ಮನೆಗೆ ಕೇಳಿಸುತ್ತಿತ್ತು. ಒಂದು ಸಲ ಅಡುಗೆಮನೆಯ ತಟ್ಟೆಗಳನ್ನೆಲ್ಲ ಎತ್ತಿ ಹಿತ್ತಲಿಗೆ ಎಸೆದಳು. ಅಮ್ಮ ಹೋಗಿ ಆರಿಸಿ, ತೊಳೆದು, ಮತ್ತೆ ಮುಚ್ಚಿದಳು. ಯಾಕೆ ಮುಚ್ಚುತ್ತೀಯ ಅಂತ ನಾನು ಕೇಳಿದಾಗ "ಧೂಳು ಬೀಳುತ್ತೆ" ಅಂದಳು. ಎಲ್ಲಿಯ ಧೂಳು ಅಂತ ನನಗೆ ತಿಳಿಯಲಿಲ್ಲ. ಈ ಗಲಾಟೆ ನಡೆಯುವಾಗೆಲ್ಲ ಅಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಅವನು ಹೊಸೆದ ಹಗ್ಗಕ್ಕೆ ಸಾಕಾಗುವಷ್ಟು ದನ ನಮ್ಮಲ್ಲಿ ಇರಲಿಲ್ಲ.

ಅಮ್ಮ ಅಪ್ಪನ ಜೊತೆ ನೇರವಾಗಿ ಮಾತಾಡುತ್ತಿದ್ದುದು ತೀರಾ ಅಪರೂಪ. ನನಗೆ ಮಾತು ಬಂದ ದಿನದಿಂದ ಅವರಿಬ್ಬರ ಮಧ್ಯದ ಅಂಚೆ ನಾನೇ ಆದೆ. ಅಪ್ಪಂಗೆ ಹೇಳು ಊಟಕ್ಕೆ ಅಂತ, ಅಪ್ಪಂಗೆ ಹೇಳು ಸೀಮೆಎಣ್ಣೆ ಮುಗೀತು ಅಂತ. ಹೇಳಿಕಳಿಸಿ ಅಷ್ಟಕ್ಕೇ ಬಿಡುತ್ತಿರಲಿಲ್ಲ. ನಾನು ತಿರುಗಿ ಬಂದಾಗ ಏನು ಹೇಳಿದೆ, ಹೇಗೆ ಹೇಳಿದೆ, ಒಪ್ಪಿಸು ಅನ್ನುವಳು. ಒಂದು ಪದ ಆಚೀಚೆ ಆಗಿದ್ದರೆ ವಾಪಸು ಕಳಿಸುವಳು. ಆಡಲು ಹೊರಟವಳು ಅರ್ಧ ದಾರಿಯಲ್ಲಿ ಮರೆತು ಬಂದ ದಿನ ಮಾತ್ರ ಅವಳು ನನಗೆ ಹೊಡೆದದ್ದು, ಬೇರೆ ಯಾವ ತಪ್ಪಿಗೂ ಹೊಡೆದವಳಲ್ಲ. ಹೇಳಿಕಳಿಸಿದ ಮಾತನ್ನು ಮುಟ್ಟಿಸದವರು ಅನ್ನ ತಿನ್ನಬಾರದು ಅಂದಿದ್ದಳು. ಆ ಪೆಟ್ಟು ನನ್ನ ಸ್ವಭಾವವೇ ಆಗಿಹೋಯಿತು. ಇಂದಿಗೂ ಯಾರಾದರೂ ನನ್ನ ಹತ್ತಿರ ಒಂದು ಮಾತು ಹೇಳಿಕಳಿಸಿದರೆ ಅದು ಸಿಹಿಯಾಗಿರಲಿ ಕಹಿಯಾಗಿರಲಿ ಹಾಗೆಹಾಗೇ ಮುಟ್ಟಿಸುತ್ತೇನೆ. ಇದರಿಂದ ನೆಂಟರಲ್ಲಿ ನನಗೆ ಒಳ್ಳೆಯ ಹೆಸರೇನೂ ಬಂದಿಲ್ಲ.

ತಾತ ವರ್ಷಕ್ಕೊಮ್ಮೆ, ಗೌರಿ ಹಬ್ಬಕ್ಕೆ ಬರುತ್ತಿದ್ದ. ಸಣಕಲು ಮೈ, ಅಗಲವಾದ ಕೈ, ಎರಡು ಮಾತಿಗೆ ಒಂದು ಕೆಮ್ಮು. ಮಗಳಿಗೆ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ. ನನಗೆ ಅವರ ಊರಿನ ಬೇಕರಿಯ ಬೆಣ್ಣೆ ಬಿಸ್ಕತ್ತು. ಅವನು ಬಂದ ಕೂಡಲೇ ಅಮ್ಮ ಮುಚ್ಚಿದ ಲೋಟದಲ್ಲಿ ನೀರು ತಂದುಕೊಟ್ಟರೆ, ಅವನು ಮುಚ್ಚಳ ತೆಗೆದು, ಕುಡಿದು, ಮತ್ತೆ ಮುಚ್ಚಿ ವಾಪಸು ಕೊಡುತ್ತಿದ್ದ. ನಮ್ಮ ಕಡೆ ಬೀಗರು ಒಬ್ಬರ ಕಾಲು ಒಬ್ಬರು ಎಳೆಯುವುದು ವಾಡಿಕೆ. ಎಳೆಯದಿದ್ದರೆ ಸಂಬಂಧ ಹದಗೆಟ್ಟಿದೆ ಅಂತ ಅರ್ಥ. ಅಜ್ಜಿ ಪ್ರತಿ ವರ್ಷವೂ ಅವನನ್ನು ಕೇಳುವಳು, ಏನ್ರೀ ಬೀಗ್ರೇ, ಈ ಸಲನಾದ್ರೂ ಚಿನ್ನ ತೆಗದ್ರಾ ಅಂತ. ತಾತ ನಗುತ್ತಿದ್ದ. ದಿನಾ ತೆಗೀತಾನೇ ಇದೀವಲ್ಲಮ್ಮ, ತೆಗೆದೂ ತೆಗೆದೂ ಬೆನ್ನು ಬಿದ್ದೋಯ್ತು ಅಂತಿದ್ದ. ಅವನಿಗೆ ಅದು ಬೀಗರ ತಮಾಷೆ. ಅಜ್ಜಿಗೆ ಆ ನಗು ಲಜ್ಜೆಗೇಡಿತನ. ಹೀಗೆ ಒಂದೇ ಮಾತನ್ನು ಒಬ್ಬರು ಒಂದು ಅರ್ಥದಲ್ಲಿ, ಇನ್ನೊಬ್ಬರು ಇನ್ನೊಂದು ಅರ್ಥದಲ್ಲಿ ಆಡಿಕೊಂಡು ಎಷ್ಟೋ ಹಬ್ಬ ಕಳೆದವು.

ನಾನು ಮೂರನೇ ಕ್ಲಾಸಿನಲ್ಲಿದ್ದೆನೋ ಏನೋ, ಆ ಗೌರಿ ಹಬ್ಬದ ದಿನ ಅತ್ತೆಯ ಮದುವೆಯ ಮಾತುಕತೆ ನಡೆಯುತ್ತಿತ್ತು. ಮಗಳಿಗೆ ಒಡವೆ ಹೊಂದಿಸುವ ಚಿಂತೆಯಲ್ಲಿ ಅಜ್ಜಿಯ ತಲೆ ಮೊದಲೇ ಕಾದಿತ್ತು. ಜಗಲಿಯ ಮೇಲೆ ಕೂತು ಹುರುಳಿ ಆರಿಸುತ್ತಿದ್ದಳು. ತಾತ ಬಂದು, ಚೀಲ ಇಳಿಸಿ, ಎಂದಿನಂತೆ ನಕ್ಕ. ಅಜ್ಜಿ ಮೊರವನ್ನು ಪಕ್ಕಕ್ಕೆ ತಳ್ಳಿದಳು.

"ನಗ್ತೀರಲ್ರೀ. ಚಿನ್ನ ತೆಗೀತೀನಿ ಅಂತ ಸುಳ್ಳು ಹೇಳಿ ಮಗಳನ್ನ ನಮ್ಮ ತಲೆಗೆ ಕಟ್ಟಿದ್ರಲ್ಲ, ನಿಮಗೆ ನಾಚ್ಕೆ ಆಗಲ್ವಾ?"

ತಾತನ ಮುಖದಲ್ಲಿ ನಗು ಇನ್ನೂ ಉಳಿದಿತ್ತು. ಅದು ನಿಧಾನವಾಗಿ ಇಳಿದದ್ದನ್ನು ನಾನು ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ನೋಡಿದೆ. ಅವನು ಅಪ್ಪನ ಕಡೆ ತಿರುಗಿ, ಏನೋ ಕಾಯುವವನ ಹಾಗೆ ಸುಮ್ಮನೆ ನೋಡಿದ. ಅಪ್ಪ ಎದ್ದು, ದನ ಬಿಚ್ಚಬೇಕು ಅಂದು ಕೊಟ್ಟಿಗೆಗೆ ಹೋದ. ತಾತ ಬಾಗಿಲಲ್ಲಿ ನಿಂತಿದ್ದ ಅಮ್ಮನನ್ನು ನೋಡಿದ. ಅಮ್ಮ ಇಲ್ಲ ಅನ್ನುವ ಹಾಗೆ ತಲೆ ಆಡಿಸಿದಳು. ಅವನು ಚಪ್ಪಲಿ ಮೆಟ್ಟಿಕೊಂಡು, ಊಟ ಮಾಡದೆ, ಬೂದಿಗೆರೆಯ ಬಸ್ಸಿನ ಕಡೆ ನಡೆದ. ಉತ್ತರ ಇಲ್ಲದ್ದಕ್ಕೇ ಎದ್ದುಹೋದ ಅಂತ ಮನೆಯವರೆಲ್ಲ ತೀರ್ಮಾನಿಸಿದರು. ಅವನು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಅಮ್ಮನನ್ನೂ ಕಳಿಸಲಿಲ್ಲ. ಚಿನ್ನ ತೆಗೆದ ದಿನ ಹೇಳಿಕಳಿಸಲಿ, ಆವಾಗ ಹೋಗುವಿಯಂತೆ ಅಂದಳು ಅಜ್ಜಿ.

ಆ ಕಡೆಯಿಂದ ಬಂದದ್ದು ಚಿನ್ನದ ಸುದ್ದಿಯಲ್ಲ. ಕೆಲವು ವರ್ಷಗಳಾದ ಮೇಲೆ ಮಾಲೂರಿನ ಕಡೆಯವನೊಬ್ಬ ಸೈಕಲ್ಲಿನಲ್ಲಿ ಬಂದು, ತಾತ ರಾತ್ರಿ ಹೋಗಿಬಿಟ್ಟ, ಎದೆಯಲ್ಲಿ ಗಣಿಯ ಧೂಳು ತುಂಬಿಕೊಂಡಿತ್ತು ಅಂತ ತಿಳಿಸಿದ. ರಾಗಿ ಕೊಯ್ಲಿನ ಕಾಲ, ಮನೆ ತುಂಬ ಆಳುಗಳು. ಇಷ್ಟು ಜನಕ್ಕೆ ಮುದ್ದೆ ಮಾಡೋರು ಯಾರು ಅಂದಳು ಅಜ್ಜಿ. ಅಮ್ಮ ಅಪ್ಪನನ್ನು ನೋಡಿದಳು. ಅಪ್ಪ ಕುಡುಗೋಲಿನ ಹಿಡಿ ಸರಿಮಾಡುತ್ತಿದ್ದ. ಅವಳು ಬಚ್ಚಲಿಗೆ ಹೋಗಿ ತಣ್ಣೀರಿನಲ್ಲಿ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲನ್ನು ಹಾಗೇ ಗಂಟು ಹಾಕಿಕೊಂಡು, ಒಲೆಯ ಮುಂದೆ ಕೂತು ಆಳುಗಳಿಗೆಲ್ಲ ಮುದ್ದೆ ತೊಳಸಿದಳು. ಕೂದಲಿನ ನೀರು ಬೆನ್ನಿನ ಮೇಲೆ ಇಳಿದು ರವಿಕೆ ಒದ್ದೆಯಾಗುತ್ತಿತ್ತು. ಆ ಮನೆಯ ಅನ್ನದ ಋಣ ಅಂತ ಯಾರಾದರೂ ನನಗೆ ಬುದ್ಧಿ ಹೇಳಲು ಬಂದರೆ ನನ್ನ ಕಣ್ಣಮುಂದೆ ಬರುವುದು ಆ ಬೆನ್ನು. ಅಜ್ಜಿಯನ್ನು ನಾನು ಕ್ಷಮಿಸಿಲ್ಲ. ಸತ್ತವರ ಬಗ್ಗೆ ಹಾಗೆ ಹೇಳಬಾರದು ಅನ್ನುತ್ತಾರೆ. ಅಜ್ಜಿ ಸತ್ತ ನನ್ನ ತಾತನ ಬಗ್ಗೆ ಕೊನೆಯ ದಿನದವರೆಗೂ ಹೇಳಿದಳು.

ಅಜ್ಜಿ ಹೋದ ಮೇಲೆ ಅಮ್ಮನನ್ನು ಎಷ್ಟೋ ಸಲ ಕರೆದೆ, ಬಾ, ನಿಮ್ಮೂರು ನೋಡಿಕೊಂಡು ಬರೋಣ ಅಂತ. ಗಣಿ ಮುಚ್ಚಿದೆ, ಅಲ್ಲಿ ನನ್ನೋರು ಯಾರಿದ್ದಾರೆ ಅನ್ನುವಳು. ಹಳೆಯ ಮನೆಯನ್ನು ಅಪ್ಪ ಕೆಡವಿಸಿ ಮೂರು ಅಂತಸ್ತಿನ ಬಾಡಿಗೆ ಮನೆ ಕಟ್ಟಿಸಿದ. ಬೂದಿಗೆರೆ ಸುತ್ತ ಈಗ ಎಲ್ಲರೂ ಬೆಳೆಯುವ ಬೆಳೆ ಅದೇ. ಅದರ ಕೆಳಮನೆಯಲ್ಲಿ, ಹೊಳೆಯುವ ಸ್ಟೀಲಿನ ಅಡುಗೆಮನೆಯಲ್ಲಿ, ಕೊನೆಯವರೆಗೂ ಅಮ್ಮ ಪ್ರತಿ ಪಾತ್ರೆಗೂ ಮುಚ್ಚಳ ಮುಚ್ಚಿದಳು.

ಹನ್ನೊಂದನೇ ದಿನ ಕಳೆದು ಒಂದೆರಡು ತಿಂಗಳಿಗೆ ನಾನು ಹೊರಟೆ. ಕಾರು ಓಡಿಸಿದ್ದು ನನ್ನ ಮಗಳು ರಶ್ಮಿ. ನಮ್ಮ ಮನೆ ಹೊಸಕೋಟೆಯಲ್ಲಿ, ಅವಳು ಅಲ್ಲೇ ಒಂದು ಶಾಲೆಯಲ್ಲಿ ಟೀಚರು. ಅಪ್ಪನಿಗೆ ಫೋನಿನಲ್ಲಿ ಸುಮ್ಮನೆ ತಿಳಿಸಿದ್ದೆ. ನಾನೂ ಬರ್ತೀನಿ ಅಂದ. ನನಗೆ ರೇಗಿತು. ಹೆಂಡತಿ ಬದುಕಿದ್ದಾಗ ಒಂದು ದಿನ ಕರೆದುಕೊಂಡು ಹೋಗದವನು, ತಾನು ಆ ಊರಿನ ಮಣ್ಣು ಮೆಟ್ಟಿಲ್ಲ ಅಂತ ಜಂಬದಿಂದ ಹೇಳಿಕೊಳ್ಳುತ್ತಿದ್ದವನು, ಈಗ ಹೊರಟಿದ್ದಾನೆ. ಬೇಡ ಅನ್ನಲು ಬಾಯಿ ಬರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತ. ಹೊಸಕೋಟೆಯಿಂದ ಈಗ ಹೊಸ ಹೆದ್ದಾರಿ, ರಶ್ಮಿ ಹಾಕಿದ ಹಾಡು ಎರಡು ಮೂರು ಮುಗಿಯುವಷ್ಟರಲ್ಲಿ ಮಾಲೂರು ಹಿಂದೆ ಬಿತ್ತು. ಇಷ್ಟು ಹತ್ತಿರದ ಊರಾ ಇದು ಅಂದುಕೊಂಡೆ. ಅಮ್ಮನ ಮಟ್ಟಿಗೆ ಅದು ದೇಶಾಂತರದಲ್ಲಿತ್ತು.

ಊರು ಬಂತು. ಒಂದು ಕಡೆ ಕಿಕ್ಕಿರಿದ ಪೇಟೆ, ಅದನ್ನು ದಾಟಿದರೆ ತುಕ್ಕು ಹಿಡಿದ ಕಬ್ಬಿಣದ ಗೋಪುರಗಳು, ಬೀಗ ಹಾಕಿದ ಗೇಟುಗಳು, ಬಿಳಿಯರು ಕಟ್ಟಿಸಿದ ದೊಡ್ಡ ಬಂಗಲೆಗಳು, ಅವುಗಳಿಂದ ದೂರದಲ್ಲಿ ಕೆಲಸಗಾರರ ಲೈನ್ ಮನೆಗಳು. ಎಲ್ಲದರ ಹಿಂದೆ ಒಂದು ಬೂದು ಬಣ್ಣದ ಗುಡ್ಡ. ಅದು ಗುಡ್ಡವಲ್ಲ, ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಪುಡಿ; ಸೈನೈಡ್ ದಿಬ್ಬ ಅನ್ನುತ್ತಾರೆ. ಗಾಳಿ ಬೀಸಿದರೆ ಅದರ ನೆತ್ತಿಯಿಂದ ಹೊಗೆಯ ಹಾಗೆ ಧೂಳು ಏಳುತ್ತಿತ್ತು. ಕಾರಿನ ಗಾಜು ಮಸುಕಾಯಿತು. ಧೂಳು ಬೀಳುತ್ತೆ ಅಂದಿದ್ದಳಲ್ಲ ಅಮ್ಮ, ಆ ಧೂಳು ಇದು. ರಶ್ಮಿ ಫೋನಿನಲ್ಲಿ ದಾರಿ ಹುಡುಕಲು ಗಾಡಿ ನಿಲ್ಲಿಸಿದಳು. ಅಮ್ಮನಿಂದ ನನಗೆ ಸಿಕ್ಕಿದ್ದು ಅವರಿದ್ದ ಬಡಾವಣೆಯ ಹೆಸರು ಮಾತ್ರ, ಯಾರನ್ನಾದರೂ ಕೇಳೋಣ ಅಂತ ನಾನು ಕಿಟಕಿ ಇಳಿಸಿದೆ.

"ಎಡಕ್ಕೆ ತಿರುಗ್ಸವ್ವ," ಅಂದ ಅಪ್ಪ. "ಆ ಚರ್ಚು ದಾಟಿದ್ಮೇಲೆ ಇಳಿಜಾರು ಬರ್ತದೆ."

ಚರ್ಚು ಬಂತು, ಇಳಿಜಾರೂ ಬಂತು. ರಶ್ಮಿ ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. ಅಪ್ಪ ಇನ್ನೆರಡು ಸಲ ತಿರುವು ಹೇಳಿ, ಒಂದು ಲೈನಿನ ಮುಂದೆ ನಿಲ್ಲಿಸು ಅಂದ. ತಗ್ಗು ಬಾಗಿಲಿನ, ತಗಡಿನ ಮಾಡಿನ ಸಾಲುಮನೆಗಳು. ಒಂದರ ಮುಂದೆ ಹೋಗಿ ನಿಂತ. ಆ ಮನೆಗೆ ಬೀಗ ಬಿದ್ದಿತ್ತು. ಮಾಡಿನ ತಗಡು ಅರ್ಧ ಹಾರಿಹೋಗಿತ್ತು. ಪಕ್ಕದ ಮನೆಯ ಹೆಂಗಸು ಹೊರಗೆ ಬಂದು, ಬಿಸಿಲಲ್ಲಿ ನಿಂತ ಮುದುಕನನ್ನು ನೋಡಿ, ತಮಿಳು ಬೆರೆತ ಕನ್ನಡದಲ್ಲಿ ಉಪಚಾರ ಮಾಡಿ, ತನ್ನ ಬಾಗಿಲ ಮೆಟ್ಟಿಲ ಮೇಲೆ ಕೂರಿಸಿದಳು. ಒಳಗೆ ಹೋಗಿ ನೀರು ತಂದಳು. ಲೋಟದ ಮೇಲೆ ಒಂದು ಪುಟ್ಟ ಮುಚ್ಚಳವಿತ್ತು. ಅಪ್ಪ ಲೋಟ ತೆಗೆದುಕೊಂಡು ಮುಚ್ಚಳದ ಮೇಲೆ ಬೆರಳಿಟ್ಟವನು ತೆಗೆಯಲೇ ಇಲ್ಲ. ಹೆಂಗಸು ಒಲೆಯ ಮೇಲಿನದನ್ನು ನೋಡಲು ಒಳಗೆ ಹೋದಳು.

"ಈ ಊರಿಗೆ ಕಾಲಿಟ್ಟಿಲ್ಲ ಅಂತಿದ್ದೆ," ಅಂದೆ.

"ಒಂದ್ಸಲ ಬಂದಿದ್ದೆ. ಮದ್ವೆಗೆ ಮುಂಚೆ."

ಆಮೇಲೆ ಅವನು ಹೇಳುತ್ತಾ ಹೋದ. ಹೆಣ್ಣು ನೋಡಿ ಬಂದ ಮೇಲೆ ಮನಸ್ಸು ನಿಲ್ಲಲಿಲ್ಲವಂತೆ, ಇನ್ನೊಂದು ಸಲ ನೋಡಬೇಕು ಅನ್ನಿಸಿತಂತೆ. ಹೊಸಕೋಟೆ ಸಂತೆಗೆ ಅಂತ ಮನೆಯಲ್ಲಿ ಹೇಳಿ, ಬಂಗಾರಪೇಟೆವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ರೈಲು ಹತ್ತಿದನಂತೆ. ತಾತ ಆಗಷ್ಟೇ ಪಾಳಿ ಮುಗಿಸಿ ಬಂದಿದ್ದ. ಭಾವೀ ಅಳಿಯನನ್ನು ಮನೆ ಬಾಗಿಲ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಮುನಿಯಪ್ಪ ಏನು ಹೇಳಿದ್ದಾನೆ ಅಂತ ವಿಚಾರಿಸಿದ. ಅಪ್ಪ ಇದ್ದದ್ದು ಇದ್ದ ಹಾಗೆ ಹೇಳಿದ. ಚಿನ್ನ ತೆಗೀತಾರೆ ಅಂದಿದ್ದಾನೆ, ನಮ್ಮವ್ವ ಒಡವೆ ಅಂತ ತಿಳಿದುಕೊಂಡಿದ್ದಾಳೆ ಅಂತ. ತಾತ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ನಕ್ಕು, ಕೆಮ್ಮಿ, ಆಮೇಲೆ ಅಪ್ಪನ ಕೈ ಹಿಡಿದುಕೊಂಡು ಹೇಳಿದನಂತೆ. ಆ ಮಾತುಗಳನ್ನು ಅಪ್ಪ ನನ್ನ ಮುಂದೆ ಒಂದೂ ತಡವರಿಸದೆ ಒಪ್ಪಿಸಿದ:

"ತೆಗೆಯೋನು ನಾನೇ ಕಣಪ್ಪ, ಆದ್ರೆ ಕೊಡೋಕೆ ನನ್ನ ಕೈಲಾಗಲ್ಲ. ಮಗಳನ್ನ ಬರಿಗೊರಳಲ್ಲಿ ಕಳಿಸ್ತೀನಿ. ಇದನ್ನ ನಿಮ್ಮಮ್ಮಂಗೆ ಹೇಳು. ಒಪ್ಪಿದ್ರೆ ಬನ್ನಿ, ಇಲ್ದಿದ್ರೆ ಬೇಜಾರಿಲ್ಲ."

ನಾನು ಅಪ್ಪನ ಬಾಯಿಯನ್ನೇ ನೋಡುತ್ತಿದ್ದೆ.

"ಹೇಳಿದ್ಯಾ?"

"ಹೇಳಿದ್ರೆ ಮದ್ವೆ ನಿಂತೋಗ್ತಿತ್ತು ಕಣವ್ವ. ಅವ್ವ ಒಪ್ಪವ್ಳೆ ಅಂತ ನಿಮ್ಮ ತಾತಂಗೆ ಹೇಳಿಕಳಿಸ್ದೆ."

"ಮದ್ವೆ ಆದ್ಮೇಲೆ?"

"ಆಮೇಲೆ ಹೆಂಗೆ ಹೇಳೋದು? ಹೆತ್ತ ತಾಯಿಗೆ ನಾನೇ ಮೋಸ ಮಾಡ್ದಂಗೆ ಆಗ್ತಿತ್ತಲ್ಲ."

ತನ್ನ ತಾಯಿಯ ಎದುರು ತಾನು ಸಣ್ಣವನಾಗಬಾರದು ಅಂತ ಒಬ್ಬ ಬಡ ಕೂಲಿಯವನನ್ನು ಜೀವನಪೂರ್ತಿ ಸುಳ್ಳುಗಾರನನ್ನಾಗಿ ಮಾಡಿದ್ದ. ಗೌರಿ ಹಬ್ಬದ ದಿನ ತಾತ ಯಾಕೆ ಅವನನ್ನು ಹಾಗೆ ನೋಡಿದ ಅನ್ನುವುದು ಈಗ ತಿಳಿಯಿತು. ಅಷ್ಟು ವರ್ಷ ಅಜ್ಜಿಯ ಕುಹಕಕ್ಕೆ ಅವನು ನಕ್ಕದ್ದು, ತಾನು ಎಲ್ಲವನ್ನೂ ಮೊದಲೇ ಹೇಳಿದ್ದೇನೆ, ಬೀಗಿತ್ತಿ ತಮಾಷೆ ಮಾಡುತ್ತಿದ್ದಾಳೆ ಅಂತ ನಂಬಿಕೊಂಡು. ಅವತ್ತು ಅಳಿಯ ಕೊಟ್ಟಿಗೆಗೆ ಎದ್ದುಹೋದ ಕ್ಷಣದಲ್ಲಿ ಅವನಿಗೆ ಎಲ್ಲ ಅರ್ಥವಾಗಿರಬೇಕು. ಒಂದು ಮಾತು ಆಡಿದ್ದರೆ ಅವನ ಮಾನ ಉಳಿಯುತ್ತಿತ್ತು, ಮಗಳ ಸಂಸಾರ ಹೋಗುತ್ತಿತ್ತು. ಇಲ್ಲ ಅಂತ ಅಮ್ಮ ತಲೆ ಆಡಿಸಿದ್ದು ನೆನಪಾಯಿತು.

"ಅಮ್ಮಂಗೆ ಗೊತ್ತಿತ್ತಾ?"

"ನೀರು ತಂದ್ಕೊಟ್ಟೋಳು ಅವಳೇ ಅಲ್ವಾ," ಅಂದ ಅಪ್ಪ, ಲೋಟವನ್ನು ನೋಡುತ್ತಾ. "ಹಿಂಗೇ ಮುಚ್ಚಿತ್ತು. ಧೂಳು ಬೀಳುತ್ತೆ, ಕುಡಿಯುವಾಗ ತೆಗೀರಿ ಅಂದ್ಲು. ಬಾಗ್ಲಲ್ಲೇ ನಿಂತು ಎಲ್ಲಾ ಕೇಳಿಸ್ಕೊಂಡಿದ್ಲು. ಒಂದಿನಾನೂ ನನ್ನ ಬಿಟ್ಕೊಡ್ಲಿಲ್ಲ. ದೊಡ್ಡ ಮನ್ಸು ಅವ್ಳದು."

ಅವನ ಕಣ್ಣಲ್ಲಿ ನೀರು ಬಂತು. ನನಗೆ ಆ ಕಣ್ಣೀರು ಅಸಹ್ಯವಾಯಿತು. ದೊಡ್ಡ ಮನಸ್ಸು ಅಂದರೆ ಮುಗಿಯಿತೇ? ಆ ತಟ್ಟೆಗಳು ಹಿತ್ತಲಿಗೆ ಬಿದ್ದಾಗ ಅವು ಯಾತಕ್ಕೆ ಅಂತ ಬಲ್ಲವನು ಆ ಮನೆಯಲ್ಲಿ ಇವನೊಬ್ಬನೇ ಇದ್ದ, ಹಗ್ಗ ಹೊಸೆಯುತ್ತಾ. ಅವಳು ಇವನೊಡನೆ ಮಾತು ಬಿಟ್ಟು, ಆಗಷ್ಟೇ ಮಾತು ಕಲಿತಿದ್ದ ನನ್ನನ್ನು ಅಂಚೆ ಮಾಡಿಕೊಂಡದ್ದು, ಒಂದು ಪದ ತಪ್ಪಿದರೆ ವಾಪಸು ಅಟ್ಟುತ್ತಿದ್ದದ್ದು, ಮಾತು ಮುಟ್ಟಿಸದ ದಿನ ಹೊಡೆದದ್ದು, ಅದೆಲ್ಲ ನನ್ನನ್ನು ತಿದ್ದುವುದಕ್ಕೆ ಅಂತ ನಾನು ನಂಬಿದ್ದೆ. ಅವನಿಗೆ ಕೇಳಿಸಲಿ ಅಂತ ಅವಳು ಅಷ್ಟು ವರ್ಷ ಒಂದೇ ಪಾಠ ಹೇಳಿದ್ದಳು. ಅಮ್ಮನ ಮೇಲೂ ನನಗೆ ಸಿಟ್ಟು ಬಂತು. ಅವಳೂ ಹೇಳಬಹುದಿತ್ತು, ನನಗಾದರೂ.

ವಾಪಸು ಬರುವಾಗ ಊಟಕ್ಕೆ ಅಂತ ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದೆವು. ಬೀದಿ ತುಂಬ ಚಿನ್ನದ ಅಂಗಡಿಗಳು. ಆ ಊರಿನ ನೆಲದ ಚಿನ್ನ ಮುಗಿದು ಎಷ್ಟೋ ಕಾಲವಾಯಿತು. ಇದು ಎಲ್ಲಿಂದಲೋ ಬಂದ ಚಿನ್ನ. ಅಪ್ಪ ಒಂದು ಅಂಗಡಿಯ ಮುಂದೆ ನಿಂತುಕೊಂಡ.

"ಬಾವ್ವ, ನಿಮ್ಮಮ್ಮನ ಹೆಸ್ರಲ್ಲಿ ನಿಂಗೊಂದು ಸರ ತೆಗೀತೀನಿ."

"ಎಲ್ಲಿಂದ ತೆಗೀತೀಯ?" ಅಂದೆ.

ಇಲ್ಲೇ ಅಂಗಡಿ ಇದೆಯಲ್ಲಮ್ಮ ಅಂದಳು ರಶ್ಮಿ, ಅರ್ಥವಾಗದೆ. ಅಪ್ಪನಿಗೆ ಅರ್ಥವಾಗಿತ್ತು. ಬಂದು ಕಾರಿನಲ್ಲಿ ಕೂತ. ಊಟ ಮಾಡದೆಯೇ ಹೊರಟೆವು. ಹೆದ್ದಾರಿಗೆ ಬಂದು, ಮಾಲೂರಿನ ಹತ್ತಿರ ಟೋಲಿಗೆ ನಿಂತಾಗ, ಹಿಂದೆ ತಿರುಗದೆಯೇ ಹೇಳಿದ:

"ಈ ವಿಷ್ಯ ಮಧುರೆಗೆ ಗೊತ್ತಾಗೋದು ಬ್ಯಾಡ. ಎಲ್ರೂ ಸತ್ತೋದ್ರು, ಈಗ್ಯಾಕೆ."

ನಾನು ಚೀಲದಿಂದ ಫೋನು ತೆಗೆದು ಮಧುರೆ ಅತ್ತೆಗೆ ಹಚ್ಚಿದೆ. ಕ್ಷೇಮ ಸಮಾಚಾರ ಕೇಳಿದಳು, ಎಲ್ಲಿದ್ದೀಯ ಅಂದಳು. ಎಲ್ಲಿದ್ದೀನಿ ಅಂತ ಹೇಳಿ, ನಿಮ್ಮ ಮನೆಗೆ ಒಂದು ಮಾತು ಬರಬೇಕಾಗಿತ್ತು ಅತ್ತೆ, ದಾರಿಯಲ್ಲಿ ಉಳಿದುಹೋಗಿತ್ತು, ಈಗ ಮುಟ್ಟಿಸ್ತಾ ಇದೀನಿ, ಕೇಳು ಅಂದೆ. ಅಮ್ಮ ಕಲಿಸಿದ ಹಾಗೆ, ಒಂದು ಪದ ಆಚೀಚೆ ಮಾಡದೆ, ತೆಗೆಯೋನು ನಾನೇ ಕಣಪ್ಪ ಅನ್ನುವಲ್ಲಿಂದ ಇಲ್ದಿದ್ರೆ ಬೇಜಾರಿಲ್ಲ ಅನ್ನುವವರೆಗೆ ಹೇಳಿದೆ. ಮದುವೆಗೆ ಮುಂಚೆ ನನ್ನ ತಾತ ಹೇಳಿಕಳಿಸಿದ ಮಾತು ಇದು ಅಂದೆ.

"ಯಾರ ಕೈಲಿ ಹೇಳಿಕಳಿಸಿದ್ರು?" ಅಂದಳು ಅತ್ತೆ.

ನಾನು ಫೋನನ್ನು ಅಪ್ಪನ ಕೈಗೆ ಕೊಟ್ಟೆ.